ಒಂದೇ ಪರ್ಮಿಟ್ಟಿನ ಮೂರು ತೋಟ

ಆ ವರ್ಷ ಸಿರುಗುಪ್ಪದಿಂದ ಅಕ್ಕನ ಫೋನ್ ಬಂದರೆ ಮೊದಲ ಮಾತು ಊಟದ್ದಾಗಿರುತ್ತಿರಲಿಲ್ಲ, ಮಕ್ಕಳದ್ದೂ ಅಲ್ಲ.

"ನನ್ನ ಟೊಮೇಟೊಕ್ಕ ನೀರು ಹಾಕಿದೇನಲೇ?" ಎಂದು ಕೇಳುತ್ತಿದ್ದಳು.

ನಾನು ಒಲೆಯ ಮೇಲೆ ಸಾರು ಇಟ್ಟುಕೊಂಡು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, "ಹಾಕೇನಿ ತಗೋ, ನಿನ್ನ ಬದನಿಗಿಡಕ್ಕೂ ಹಾಕೇನಿ" ಅನ್ನುತ್ತಿದ್ದೆ. ಮನೆಗೆ ಬಂದು ಕೂತವರು ಇದನ್ನು ಕೇಳಿಸಿಕೊಂಡು, ನಿಮ್ಮ ಅಕ್ಕಾರದು ಇಲ್ಲೂ ಹೊಲ ಐತೇನ್ರಿ ಎಂದು ವಿಚಾರಿಸಿದ್ದುಂಟು. ಆ ಟೊಮೇಟೊ ಯಾವ ಮಣ್ಣಿನಲ್ಲೂ ಇರಲಿಲ್ಲ. ಅಂಗೈಯಲ್ಲಿ ಹಿಡಿದು ಆಡುವ ಒಂದು ಗೇಮ್ ಡಬ್ಬಿಯೊಳಗಿತ್ತು.

ನಾವು ಮೂವರು ಅಕ್ಕತಂಗಿಯರು. ದೊಡ್ಡವಳನ್ನು ಸಿರುಗುಪ್ಪದ ಅಕ್ಕಿ ಮಿಲ್ಲಿನ ಮನೆಗೆ ಕೊಟ್ಟಿದ್ದರು, ಸಣ್ಣವಳನ್ನು ಕುರುಗೋಡಿಗೆ. ನಡುವಿನವಳಾದ ನಾನು ಬಳ್ಳಾರಿಯ ಗಾಂಧಿನಗರದಲ್ಲಿ. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದರು. ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿದೆ, ಕುರುಗೋಡಿನಿಂದಲೂ ಬಸ್ಸಿದೆ. ಹಾಗಾಗಿ ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಅದು ನಮ್ಮ ಮನೆಯಲ್ಲೇ ಇಳಿದು, ಚಹಾ ಕುಡಿದು, ಮುಂದಿನ ಬಸ್ಸು ಹಿಡಿಯುತ್ತಿತ್ತು.

ನಾನು ಹೇಳುತ್ತಿರುವುದು ಕಬ್ಬಿಣದ ಅದಿರಿನ ಕಾಲ. ಕುರುಗೋಡಿನ ತಂಗಿಯ ಗಂಡನಿಗೆ ಮೊದಲು ಟ್ರ್ಯಾಕ್ಟರ್ ಮಾತ್ರ ಇತ್ತು. ಸಂಡೂರು ಕಡೆಯ ಅದಿರಿಗೆ ಬೆಲೆ ಬಂದದ್ದೇ ತಡ, ಒಂದು ಲಾರಿ ಬಂತು, ಅದರ ಬೆನ್ನಿಗೆ ಮತ್ತೊಂದು. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಆದರೂ ಅದನ್ನು ಕೊಡವುತ್ತ ತಂಗಿ ಬೈಯುತ್ತಿರಲಿಲ್ಲ, ಆ ಧೂಳೇ ಅವರ ಮನೆಯ ಮೇಲೆ ಮಹಡಿ ಎಬ್ಬಿಸಿತ್ತು.

ದುಡ್ಡು ಬಂದಾಗ ಅವಳ ಕೈ ಉದ್ದವಾಯಿತು. ಕೆಟ್ಟ ಅರ್ಥದಲ್ಲಲ್ಲ, ಕೊಡುವುದರಲ್ಲಿ. ಅಕ್ಕನ ಮಗಳ ಮದುವೆಯಲ್ಲಿ ಆಯೇರಿ ಮಾಡುವಾಗ, ಅಂದರೆ ಬೀಗರು ಬಿಜ್ಜರಿಗೆಲ್ಲ ಬಟ್ಟೆ ಉಡುಗೊರೆ ಕೊಡುವಾಗ, ಅವಳು ಅಕ್ಕನಿಗೆ ಗಿಳಿಹಸಿರಿನ ರೇಷ್ಮೆ ಸೀರೆ ತಂದಳು. ಅಂಚು ಮೊಳದಗಲ, ಮೈತುಂಬ ಜರಿ. ಎಲ್ಲರೂ ಸೀರೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಅಕ್ಕ ಕಣ್ಣಿಗೆ ಒತ್ತಿಕೊಂಡು ಒಳಗಿಟ್ಟಳು.

ಮುಂದೆ ಒಂದು ದಿನ ತಂಗಿ ಯಾವುದೋ ಕೆಲಸಕ್ಕೆ ಸಿರುಗುಪ್ಪಕ್ಕೆ ಹೋದಳು. ಮಿಲ್ಲಿನ ಗೇಟು ದಾಟಿ ಒಳಗೆ ಕಾಲಿಟ್ಟರೆ, ಭತ್ತ ಒಣಹಾಕುವ ಸಿಮೆಂಟಿನ ಕಣದಲ್ಲಿ ಆ ಗಿಳಿಹಸಿರು. ದೇಶನೂರಿನಿಂದ ಕೆಲಸಕ್ಕೆ ಬರುವ ಹೆಂಗಸು ಅದನ್ನುಟ್ಟು, ನೆರಿಗೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಭತ್ತ ಬಳಿದು ಗುಡ್ಡೆ ಹಾಕುತ್ತಿದ್ದಳು. ತಂಗಿ ನೀರು ಕೂಡ ಕುಡಿಯದೆ ವಾಪಸ್ಸು ಬಸ್ಸು ಹತ್ತಿದಳು. ಆ ಬಸ್ಸು ಇಳಿದದ್ದು ಎಲ್ಲಿ ಎಂದು ಬೇರೆ ಹೇಳಬೇಕಿಲ್ಲ.

"ಉಡಾಕ ಮನಸ್ಸಿಲ್ಲಂದ್ರ ಟ್ರಂಕಿನಾಗ ಇಡಬೇಕಿತ್ತು," ಎಂದಳು ನನ್ನ ಅಡಿಗೆಮನೆಯಲ್ಲಿ ನಿಂತು. "ಕಣ ಬಳ್ಯಾಕ ನಾ ತಂದ ಸೀರೀನ ಬೇಕಾಗಿತ್ತು ಆಕಿಗೆ?"

ಅಕ್ಕನನ್ನು ಕೇಳಿದರೆ, "ಕೊಟ್ಟ ಮ್ಯಾಲ ಅದು ನನ್ನ ಸೀರಿ. ನನ್ನ ಸೀರಿ ನಾ ಯಾರಿಗರ ಕೊಡ್ತೀನಿ," ಎಂದಳು.

ನಾನೂ ಆಮೇಲೊಮ್ಮೆ ಹೋದಾಗ ಆ ಹೆಂಗಸನ್ನು ನೋಡಿದೆ. ನಿಜ ಹೇಳಬೇಕೆಂದರೆ ಸೀರೆ ಅವಳಿಗೆ ಬಹಳ ಚೆನ್ನಾಗಿ ಒಪ್ಪುತ್ತಿತ್ತು. ಈ ಮಾತನ್ನು ನಾನು ಇಬ್ಬರಲ್ಲಿ ಯಾರ ಮುಂದೆಯೂ ಆಡಲಿಲ್ಲ. ಅಲ್ಲಿಂದ ಅಕ್ಕತಂಗಿಯರ ಮಾತು ನಿಂತಿತು. ಹಬ್ಬಕ್ಕೆ ಒಬ್ಬಳು ಬಂದರೆ ಇನ್ನೊಬ್ಬಳಿಗೆ ಮೈಯಲ್ಲಿ ಹುಷಾರಿರುತ್ತಿರಲಿಲ್ಲ. ಎರಡು ಯುಗಾದಿ ಹಾಗೇ ಹೋದವು. ಬೇವುಬೆಲ್ಲ ಕಲಸುವಾಗ ನನಗೆ ಒಂದೇ ಯೋಚನೆ: ಮೂರನೆಯ ಯುಗಾದಿಗಾದರೂ ಇವರಿಬ್ಬರನ್ನು ಒಂದೇ ಪಂಕ್ತಿಗೆ ಕೂಡಿಸುವುದು ಹೇಗೆ.

ಗೇಮ್ ಡಬ್ಬಿಗಳು ಬಂದದ್ದು ಮಾತು ನಿಲ್ಲುವುದಕ್ಕೂ ಮೊದಲು. ಆಗ ಊರಿನಲ್ಲಿ ಲಾರಿ ಇದ್ದವರೆಲ್ಲ ಹೊಸಪೇಟೆಗೆ ಹೋಗಿ ಬಂದಷ್ಟು ಸಲೀಸಾಗಿ ಹೊರದೇಶಕ್ಕೆ ಹೋಗಿ ಬರುತ್ತಿದ್ದರು. ಬರುವಾಗ ಸೆಂಟಿನ ಬಾಟಲಿ, ಖರ್ಜೂರ, ಟಾರ್ಚು. ತಂಗಿಯ ಗಂಡ ಮೂರು ಮನೆಯ ಮಕ್ಕಳಿಗೆಂದು ಮೂರು ಗೇಮ್ ಡಬ್ಬಿ ತಂದ. ಎರಡು ಪರದೆ, ಪುಸ್ತಕದ ಹಾಗೆ ಮಡಚಬಹುದು, ಚುಚ್ಚಿ ಆಡಲು ಕಡ್ಡಿ. ಮೂರಕ್ಕೂ ಸೇರಿ ಅಂಗಡಿಯ ಒರಿಜಿನಲ್ ಆಟ ಬಂದದ್ದು ಒಂದೇ ಒಂದು, ಅದು ಸಿರುಗುಪ್ಪದ ಡಬ್ಬಿಯ ಪಾಲಿಗೆ ಹೋಯಿತು. ಮಕ್ಕಳು ಆಡಿದರು, ಬೇಜಾರಾಯಿತು, ಕಾಲೇಜು ಹಾಸ್ಟೆಲ್ಲು ಅಂತ ಹೋದರು. ಡಬ್ಬಿಗಳು ಕಪಾಟು ಸೇರಿದವು.

ಅಷ್ಟರಲ್ಲಿ ಅಕ್ಕ ಭತ್ತದ ಕಣದಲ್ಲಿ ಜಾರಿ ಬಿದ್ದು ಮೊಣಕಾಲು ನೋಯಿಸಿಕೊಂಡಳು. ಕಾಲು ಸ್ಟೂಲಿನ ಮೇಲಿಟ್ಟು ಕೂಡಬೇಕು, ಇಳಿಸಬಾರದು ಎಂದರು ಡಾಕ್ಟರು. ನಾನು ನೋಡಲು ಹೋದಾಗ ಅಕ್ಕ ಕೂತಲ್ಲಿಂದಲೇ ಇಡೀ ಮಿಲ್ಲನ್ನು ಬೈಯುತ್ತಿದ್ದಳು. ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಏನರ ಮಾಡಿ ಈಕಿನ್ನ ಒಂದೀಟು ಸುಮ್ಮ ಮಾಡವ್ವ, ಹಮಾಲರು ಓಡಿ ಹೋಗಾಕತ್ತಾರ" ಎಂದರು. ಟಿ.ವಿ. ನೋಡು ಎಂದರೆ ಕರೆಂಟಿಲ್ಲ. ಕಪಾಟಿನಲ್ಲಿ ಕೈಯಾಡಿಸಿದಾಗ ಆ ಡಬ್ಬಿ ಸಿಕ್ಕಿತು. ಅದರೊಳಗಿನ ಒರಿಜಿನಲ್ ಆಟ ತೋಟದ್ದು.

ಆ ಆಟದಲ್ಲಿ ಸೋಲು ಗೆಲುವು ಇಲ್ಲ. ದೊಡ್ಡ ತಲೆಯ ಗಿಡ್ಡ ಮನುಷ್ಯ ನೀವು. ಒಂದು ಸಣ್ಣ ಮನೆ, ಮನೆಯ ಮುಂದೆ ತೋಟ. ಬೀಜ ಹಾಕಬೇಕು, ನೀರುಣಿಸಬೇಕು, ಒಂದು ದಿನ ತಪ್ಪಿದರೆ ಗಿಡ ಬಾಡಿ ಕತ್ತು ಬಾಗಿಸುತ್ತದೆ. ಇಂಟರ್‌ನೆಟ್ಟಿಗೆ ಸೇರಿಸಿದರೆ ಗುರುತಿನವರ ತೋಟಕ್ಕೂ ಹೋಗಬಹುದು. ಅವರು ಆ ಹೊತ್ತಿಗೆ ಆಡುತ್ತಿರಬೇಕೆಂದಿಲ್ಲ, ಅವರ ತೋಟ ತೆರೆದೇ ಇರುತ್ತದೆ. ಅವರ ಗಿಡಕ್ಕೆ ನೀರು ಹಾಕಬಹುದು, ಗೇಟಿನ ಪಕ್ಕದ ಡಬ್ಬಿಯಲ್ಲಿ ಏನಾದರೂ ಇಟ್ಟು ಬರಬಹುದು. ಮಾತಾಡಲು ಮಾತ್ರ ಆಗುವುದಿಲ್ಲ. ಈ ಕೊನೆಯ ಅನುಕೂಲ ಆಟ ಮಾಡಿದವರ ತಲೆಯಲ್ಲಿತ್ತೋ ಇಲ್ಲವೋ, ನಮ್ಮ ಮನೆತನಕ್ಕೆಂದೇ ಹೇಳಿ ಮಾಡಿಸಿದಂತಿತ್ತು.

ಮಿಲ್ಲಿನ ಅಂಗಳವೆಲ್ಲ ಸಿಮೆಂಟು. ಹೊಟ್ಟಿನ ಧೂಳು ಬಿದ್ದು ಬಿದ್ದು ಅಲ್ಲಿ ತುಳಸಿ ಕೂಡ ನಿಲ್ಲುತ್ತಿರಲಿಲ್ಲ. ಅಂಥ ಮನೆಯಲ್ಲಿ ಮಗಳ ಮದುವೆ ಮಾಡಿದ ಹೆಂಗಸಿಗೆ ಮೊದಲ ಟೊಮೇಟೊ ಕೆಂಪಾದಾಗ ಆದ ಸಂತೋಷವನ್ನು ನಾನು ಫೋನಿನಲ್ಲಿ ಕೇಳಿದ್ದೇನೆ. "ಹಣ್ಣಾತು ನೋಡು," ಎಂದಳು. ಮತ್ತೆ ಸ್ವಲ್ಪ ತಡೆದು, "ಹರಿದ್ರ ಏನ್ ಮಾಡೂದು ಇದನ್ನ?"

ಅಕ್ಕ ಆಡುತ್ತಾಳೆಂದು ನಾನೂ ನಮ್ಮ ಡಬ್ಬಿಯ ಧೂಳು ಒರೆಸಿದೆ. ಕುರುಗೋಡಿಗೆ ಫೋನ್ ಮಾಡಿದಾಗ ಮಾತಿನ ನಡುವೆ ಸುಮ್ಮನೆ ಹೇಳಿದೆ.

"ಆಕಿ ಏನರ ಆಡ್ಲಿ, ನನಗೇನು," ಎಂದು ತಂಗಿ ಬೇರೆ ವಿಷಯ ತೆಗೆದಳು. ಮರುದಿನ ಅವಳದೇ ಫೋನು. "ಆ ಆಟ ಎಲ್ಲಿ ಸಿಗತೈತಿ? ನನಗ ಅಂತಲ್ಲ. ಸುಮ್ಮ ಕೇಳಿದೆ."

ಬಳ್ಳಾರಿಯಲ್ಲಿ ಅಂಥ ಆಟ ಮಾರುವ ಅಂಗಡಿ ಇರಲಿಲ್ಲ. ತುಂಬಿಸಿಕೊಡುವ ಅಂಗಡಿ ಇತ್ತು. ಪೇಟೆಯ ಸಂದಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ಭಾಯಿ. ನಮ್ಮ ಓಣಿಯ ಅರ್ಧ ಜನರ ಫೋನಿಗೆ ಹಾಡು ತುಂಬಿಸಿದವರು ಅವರೇ. ಗಿರಾಕಿ ಯಾವ ಭಾಷೆಯಲ್ಲಿ ಕೇಳಿದರೆ ಆ ಭಾಷೆಯಲ್ಲಿ ಉತ್ತರ, ಕೈ ಮಾತ್ರ ಸ್ಕ್ರೂಡ್ರೈವರ್ ಬಿಡುತ್ತಿರಲಿಲ್ಲ. ನಾನು ನನ್ನದೂ ತಂಗಿಯದೂ ಎರಡು ಡಬ್ಬಿ ಒಯ್ದೆ.

"ಆಟ ಹಾಕೂದು ಏನಿಲ್ರಿ ಅಕ್ಕಾರ," ಎಂದರು ಭಾಯಿ. "ಇಂಟರ್‌ನೆಟ್ಟಿಗೆ ಹೋದಾಗ ಬಾಗಲದಾಗ ಹಿಡೀತಾರ. ಮಷೀನಿಗೆ ಒಂದು ನಂಬರ್ ಇರತೈತಿ, ಅದನ್ನ ನೋಡಿ ಒಳಗ ಬಿಡ್ತಾರ. ಒರಿಜಿನಲ್ ಆಟ ಇರೋ ಮಷೀನ್ ಯಾರ ಹತ್ರ ಐತಿ?"

"ನಮ್ಮ ಅಕ್ಕಂದು ಐತಿ. ಅದರ ಗುಂಡಿ ಒಂದು ಕೆಟ್ಟೈತಿ, ಹೆಂಗೂ ತರ್ತೀನಿ."

"ತರ್ರಿ. ಆ ನಂಬರನ್ನ ಇವೆರಡಕ್ಕೂ ಹಾಕಿಬಿಡ್ತೀನಿ."

"ಹಾಕ್ರಿ," ಎಂದೆ, ಇಸ್ತ್ರಿಗೆ ಬಟ್ಟೆ ಕೊಟ್ಟಷ್ಟೇ ನಿರಾಳವಾಗಿ. ಇದರಲ್ಲಿ ಯೋಚನೆ ಮಾಡುವಂಥದ್ದೇನೂ ನನಗೆ ಕಾಣಲಿಲ್ಲ. ಆ ಕಾಲದಲ್ಲಿ ಊರು ನಡೆಯುತ್ತಿದ್ದುದೇ ಹಾಗೆ. ಒಂದು ಕೇಬಲ್ ಕನೆಕ್ಷನ್ನಿನಲ್ಲಿ ಮೂರು ಮನೆ ಟಿ.ವಿ. ನೋಡುತ್ತಿದ್ದವು. ಒಂದು ಪರ್ಮಿಟ್ಟಿನಲ್ಲಿ ಮೂರು ಲಾರಿ ಅದಿರು ಹೊರುತ್ತಿದ್ದವು. ಅದನ್ನು ಯಾರೂ ಕಳವು ಎನ್ನುತ್ತಿರಲಿಲ್ಲ, ಹೊಂದಾಣಿಕೆ ಎನ್ನುತ್ತಿದ್ದರು.

ಹೀಗೆ ಮೂರು ತೋಟವಾದವು. ನಮ್ಮ ಮನೆಯವರು ಬ್ರಾಡ್‌ಬ್ಯಾಂಡ್ ಹಾಕಿಸಿದ್ದರು, ಮಿಲ್ಲಿನಲ್ಲಿ ಅಕ್ಕಿಯ ರೇಟು ನೋಡಲು ಒಂದಿತ್ತು, ಕುರುಗೋಡಿನಲ್ಲಿ ಇರದೇ ಇದ್ದ ವಸ್ತುವೇ ಇರಲಿಲ್ಲ. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ, ಆದರೆ ಹೊತ್ತು ತಾನಾಗಿ ಹಂಚಿಕೆಯಾಯಿತು. ತಂಗಿ ಬೆಳಿಗ್ಗೆ, ಡ್ರೈವರುಗಳಿಗೆ ಬುತ್ತಿ ಕಟ್ಟಿ ಕಳಿಸಿದ ಮೇಲೆ. ಅಕ್ಕ ಮಧ್ಯಾಹ್ನ, ಮಿಲ್ಲಿನವರ ಊಟವಾದ ಮೇಲೆ. ನಾನು ಸಂಜೆ, ಕುಕ್ಕರ್ ಕೂಗುವ ತನಕ.

ಮೊದಮೊದಲು ಎರಡೂ ತೋಟಕ್ಕೆ ನಾನೇ ನೀರು ಹಾಕುತ್ತಿದ್ದೆ, ಎರಡೂ ಮನೆಯ ಸುದ್ದಿ ಹೊತ್ತಂತೆ. ಅಕ್ಕನ ತೋಟದ ಪಟ್ಟಿಯಲ್ಲಿ ತಂಗಿಯ ತೋಟವೂ ಕಾಣುತ್ತಿತ್ತು, ತಂಗಿಯದರಲ್ಲಿ ಅಕ್ಕನದು. ಇಬ್ಬರೂ ಅದನ್ನು ನೋಡಿಲ್ಲವೆನ್ನುವಂತೆ ಇದ್ದರು. ಒಂದು ದಿನ ಅಕ್ಕನ ಫೋನ್.

"ನಸುಕಿನ್ಯಾಗ ನೀರು ಹಾಕಿದ್ಯಾ ಏನು?"

"ಇಲ್ಲ. ನಾ ಯಾವತ್ತೂ ಸಂಜಿಮುಂದ ಹಾಕೂದು."

"ಹಂಗಾರ ಮಳಿ ಬಂದಿರಬೇಕು," ಎಂದಳು ಅಕ್ಕ. ಆ ಆಟದಲ್ಲಿ ಮಳೆ ಬರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಆ ವಾರದೊಳಗೇ ತಂಗಿಯ ಫೋನ್. "ನನ್ನ ಗೇಟಿನ ಡಬ್ಬಿಯಾಗ ಒಂದು ಕುಂಬಳಕಾಯಿ ಬಂದೈತಿ. ಯಾರಿಟ್ರೋ ಗೊತ್ತಿಲ್ಲ."

ಇಟ್ಟವರ ಹೆಸರು ಕಾಯಿಯ ಮೇಲೇ ಬರೆದಿರುತ್ತದೆ. ನಾನು ಅದನ್ನು ಎತ್ತಲಿಲ್ಲ. "ಚಂದ ಐತೇನು ಕಾಯಿ?"

"ಕಾಯೇನೋ ಚಂದ ಐತಿ. ಗೊತ್ತಿಲ್ಲದವರದು ಇಟ್ಕೋಬೇಕೋ ಬ್ಯಾಡೋ ಅಂತ."

"ಇಟ್ಕೋ. ಬ್ಯಾಡಾದ್ರ ಯಾರಿಗರ ಕೊಟ್ರಾತು."

"ಏನಂದಿ?"

"ಏನಿಲ್ಲ, ಇಟ್ಕೋ ಅಂದೆ."

ಅವಳು ಇಟ್ಟುಕೊಂಡಳು. ಅಲ್ಲಿಂದ ಅಕ್ಕನ ತೋಟದಲ್ಲಿ ದಿನಾ ಬೆಳಿಗ್ಗೆ ಮಳೆ, ಕುರುಗೋಡಿನ ಗೇಟಿಗೆ ಗೊತ್ತಿಲ್ಲದವರ ಹೀರೇಕಾಯಿ, ಅವರೆಕಾಯಿ. ಫೋನಿನಲ್ಲಿ ಮಾತ್ರ ಇಬ್ಬರ ಬಾಯಲ್ಲೂ ಇನ್ನೊಬ್ಬಳ ಸುದ್ದಿ ಬಾರದು. ನಾನು ಅವಸರ ಮಾಡಲಿಲ್ಲ. ಹಿಟ್ಟು ನಾದಿದ ಮೇಲೆ ನೆನೆಯಲು ಬಿಡಬೇಕು, ಆಗಾಗ ಬಟ್ಟೆ ಸರಿಸಿ ನೋಡಿದರೆ ಒಣಗುತ್ತದೆ.

ಆ ಆಟದಲ್ಲಿ ಭಾನುವಾರ ಸಂಜೆ ಐದಕ್ಕೆ ಹೂವಿನ ಪ್ರದರ್ಶನ ಇರುತ್ತದೆ. ಅದಕ್ಕೆ ಮಾತ್ರ ಎಲ್ಲರೂ ಒಂದೇ ಹೊತ್ತಿಗೆ ಬರಬೇಕು. ಬಂದವರ ಗಿಡ್ಡ ಮನುಷ್ಯರು ಒಂದು ಬಯಲಿನಲ್ಲಿ ಸೇರಿ, ಒಬ್ಬರ ಹೂವು ಒಬ್ಬರು ನೋಡಿ ತಲೆ ಕುಣಿಸುತ್ತಾರೆ. ನಾವು ಯಾರೂ ಹೋಗಿರಲಿಲ್ಲ. ಒಂದು ಶನಿವಾರ ಅಕ್ಕ, ನಾನು ಕೇಳದೆಯೇ, ತಾನಾಗಿ ಹೇಳಿದಳು.

"ನಾಳಿ ಐದಕ್ಕ ನಾ ಹೋಗಾಕತ್ತೀನಿ. ಆಕಿಗೂ ಹೇಳು."

"ಯಾರಿಗೆ?"

"ಗೊತ್ತಿಲ್ಲೇನು ನಿನಗ?"

ಎರಡು ಯುಗಾದಿಯ ಮೇಲೆ ಅವಳು ತಂಗಿಯನ್ನು ಕರೆದದ್ದು ಅದೇ ಮೊದಲು. ನಾನು ಕುರುಗೋಡಿಗೆ ಫೋನ್ ಮಾಡಿದೆ. "ಅಕ್ಕ ನಾಳಿ ಐದಕ್ಕ ಬಾ ಅಂದಾಳ." ತಂಗಿ, "ನೋಡ್ತೀನಿ, ಕೆಲಸ ಐತಿ," ಎಂದಳು. ರಾತ್ರಿ ಅವಳ ಗಂಡ ನಮ್ಮ ಮನೆಯವರಿಗೆ ಬೇರೆ ಯಾವುದಕ್ಕೋ ಫೋನ್ ಮಾಡಿದಾಗ ಮಾತಿನಲ್ಲಿ ಬಂತು: ನಾಳೆ ಸಂಜೆ ಮನೆಗೆ ಯಾರನ್ನೂ ಕರೆಯಬೇಡಿ ಎಂದು ಅಪ್ಪಣೆಯಾಗಿದೆಯಂತೆ.

ಭಾನುವಾರ ಮಧ್ಯಾಹ್ನದಿಂದಲೇ ನನಗೆ ಕರೆಂಟಿನ ಚಿಂತೆ. ಸಿರುಗುಪ್ಪದಲ್ಲಿ ಭಾವ ಮಿಲ್ಲಿನ ಜನರೇಟರ್ ಹಾಕಿಸಿದ್ದರು. ರಜೆಯ ದಿನ ಜನರೇಟರ್ ಸದ್ದು ಕೇಳಿ ರಾರಾವಿಯಿಂದ ಭತ್ತ ತಂದವನೊಬ್ಬ ಮಿಲ್ಲು ನಡೆದಿದೆಯೆಂದು ಗಾಡಿ ಒಳಗೇ ತಂದನಂತೆ. ಐದಾಯಿತು. ನಾನು ನನ್ನ ಡಬ್ಬಿ ತೆರೆದು, ಬಾಗಿಲಿನ ಚಿತ್ರ ಒತ್ತಿದೆ. ಬಯಲು ಕಾಣಿಸಿತು, ಗಿಡ್ಡ ಮನುಷ್ಯರು ಕಾಣಿಸಿದರು, ತಕ್ಷಣ ಪರದೆ ಕಪ್ಪಾಗಿ ನಾಲ್ಕು ಸಾಲು ಇಂಗ್ಲಿಷು ಬಂತು.

ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು, ಬ್ಯಾಂಕಿನ ಸುತ್ತೋಲೆ ಓದುವ ಹಾಗೆ ಎರಡು ಸಲ ಓದಿದರು. "ನಿನ್ನ ಮಷೀನ್ ಬ್ಯಾನ್ ಮಾಡ್ಯಾರ."

"ಎಷ್ಟೊತ್ತು?"

"ಕಾಯಂ ಅಂತ. ನಿಯಮ ಮೀರಿದ್ದಕ್ಕ ಅಂತ. ಇನ್ನ ಇಂಟರ್‌ನೆಟ್ಟಿಗೆ ಸೇರಿಸಾಂಗಿಲ್ಲ."

ಅವರ ಮಾತು ಮುಗಿಯುವ ಮೊದಲೇ ಸಿರುಗುಪ್ಪದ ಫೋನು. ಅಕ್ಕನ ಧ್ವನಿ ಬಹಳ ಮೆತ್ತಗಿತ್ತು. ಅವಳು ಜೋರು ಮಾಡಿದರೆ ನನಗೆ ಭಯವಿಲ್ಲ, ಮೆತ್ತಗಾದರೆ ಭಯ.

"ಬಾಗಲಾ ಹಾಕಿಸಿದ್ಲು ನೋಡು. ನಾನಾಗಿ ಕರೆದೆ. ಆಕಿ ಬರಲಿಲ್ಲ, ಮ್ಯಾಲ ಕಂಪ್ಲೇಂಟ್ ಕೊಟ್ಟು ನನ್ನ ಮಷೀನ್ ಬಂದ್ ಮಾಡಿಸಿದ್ಲು. ನಂದು ಒರಿಜಿನಲ್ ಐತಿ, ನನ್ನದ್ಯಾಕ ಬಂದ್ ಆಗತೈತಿ, ನೀನ ಹೇಳು."

"ನಂದೂ ಬಂದ್ ಆಗೇತಿ ಅಕ್ಕ."

"ನನ್ನ ಸಮಾಧಾನಕ್ಕ ಹೇಳಬ್ಯಾಡ."

ಅದನ್ನು ಇಟ್ಟರೆ ಕುರುಗೋಡು. "ಕರೆದು ಬಾಗಲಾ ಮುಚ್ಚಿದ್ಲು ಹೌದಿಲ್ಲೋ? ಒರಿಜಿನಲ್ ಆಕಿಂದು. ಆಕಿ ಹೇಳಿದ್ರನ ಕಂಪ್ನಿಯವರು ಕೇಳೂದು. ಬಾ ಅಂತ ಕರೆಯೂದು, ಬಂದ ಮ್ಯಾಲ ಹೊರಗ ಹಾಕೂದು. ಸೀರಿಗೂ ಹಂಗ ಮಾಡಿದ್ಲು."

"ಆಕಿದೂ ಬಂದ್ ಆಗೇತಿ."

"ನೀ ಯಾವಾಗಲೂ ಆಕಿ ಪರ."

ಇಬ್ಬರ ಲೆಕ್ಕದಲ್ಲೂ ನಾನು ಇನ್ನೊಬ್ಬಳ ಪರವಾದೆ. ಇಷ್ಟು ದಿನ ನೆನೆದ ಹಿಟ್ಟನ್ನು ಯಾರೋ ಬೀದಿಗೆ ಚೆಲ್ಲಿದಂತಾಯಿತು. ಮಾತು ಬಿಟ್ಟಿದ್ದಾಗ ಅವರಿಬ್ಬರ ನಡುವೆ ಒಂದು ಸೀರೆ ಇತ್ತು; ಈಗ ಕರೆದದ್ದು, ಬಂದದ್ದು, ಬಾಗಿಲು ಹಾಕಿದ್ದು ಎಲ್ಲ ಸೇರಿಕೊಂಡಿತು. ಇದನ್ನು ಹೀಗೇ ಬಿಟ್ಟರೆ ಮೂರನೆಯ ಯುಗಾದಿ ಇರಲಿ, ಮುಂದಿನ ಯಾವ ಯುಗಾದಿಯೂ ಆಗುವುದಿಲ್ಲ ಎಂದು ನನಗೆ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಭಾಯಿಯ ಅಂಗಡಿಗೆ ಹೋದೆ. ಅವರು ನನ್ನ ಡಬ್ಬಿ ತಿರುಗಿಸಿ ಮುರುಗಿಸಿ ನೋಡಿ, "ಮೂರೂ ನೋಡಬೇಕ್ರಿ," ಎಂದರು. "ಯಾಕ ಬಂದ್ ಆತು, ಎಷ್ಟರಮಟ್ಟಿಗೆ ಬಂದ್ ಆತು ಅಂತ ಆಗ ಗೊತ್ತಾಗತೈತಿ. ಮಷೀನ್ ಅಷ್ಟ ಕಳಿಸಿದ್ರ ಸಾಲಂಗಿಲ್ಲ, ಎಲ್ಲದಕ್ಕೂ ಪಾಸ್‌ವರ್ಡ್ ಐತಿ. ಅವರವರ ಬಂದು ತೆಗೀಬೇಕು."

ಇಬ್ಬರಿಗೂ ಫೋನ್ ಮಾಡಿ ಬರಹೇಳಿದೆ, ಮುಚ್ಚುಮರೆ ಮಾಡಲಿಲ್ಲ. ಇನ್ನೊಬ್ಬಳೂ ಬರುತ್ತಾಳೆ ಎಂದೇ ಹೇಳಿದೆ. ಪಾಸ್‌ವರ್ಡ್ ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಇಬ್ಬರಿಗೂ ಆ ಮಾತು ಹೊಳೆಯಲಿಲ್ಲ, ನಾನೂ ನೆನಪಿಸಲಿಲ್ಲ. ಅಕ್ಕ, "ನಾ ಬರೂದು ನನ್ನ ತೋಟಕ್ಕ," ಎಂದಳು. ತಂಗಿ, "ನನ್ನ ಗಿಡ ಒಣಗಾಕತ್ತಾವ, ಅದಕ್ಕ ಬರ್ತೀನಿ," ಎಂದಳು.

ಅಂಗಡಿಯಲ್ಲಿ ಇದ್ದದ್ದು ಒಂದೇ ಸ್ಟೂಲು. ಮೊಣಕಾಲಿನ ಅಕ್ಕ ಅದರ ಮೇಲೆ ಕೂತಳು. ತಂಗಿ ಗೋಡೆಯ ಕಡೆ ತಿರುಗಿ, ನೇತುಹಾಕಿದ ಮೊಬೈಲ್ ಕವರುಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದಳು. ನಾನು ಮಧ್ಯೆ ನಿಂತೆ, ಅದು ನನಗೆ ರೂಢಿಯ ಜಾಗ.

"ಭಾಯಿ," ಎಂದಳು ಅಕ್ಕ, "ಕಂಪ್ಲೇಂಟ್ ಯಾರು ಕೊಟ್ಟಾರಂತ ಇದರಾಗ ಬರತೈತೇನು?"

"ಭಾಯಿ," ಎಂದಳು ತಂಗಿ ಕವರುಗಳಿಗೆ, "ಕರೆದು ಹೊರಗ ಹಾಕಿದವರ ಹೆಸರೂ ಬರತೈತೇನು ನೋಡ್ರಿ."

ಭಾಯಿಗೆ ಅಕ್ಕತಂಗಿಯರ ಜಗಳ ಹೊಸದಲ್ಲವೆಂದು ಕಾಣುತ್ತದೆ. ತಲೆ ಎತ್ತದೆ, "ಎಲ್ಲಾ ಬರತೈತಿ, ಪಾಸ್‌ವರ್ಡ್ ಒತ್ರಿ," ಎಂದರು. ಮೂರೂ ಡಬ್ಬಿ ಗಾಜಿನ ಕೌಂಟರಿನ ಮೇಲೆ ಸಾಲಾಗಿ ತೆರೆದುಕೊಂಡವು. ಅವರು ಕಡ್ಡಿಯಿಂದ ಎಲ್ಲೆಲ್ಲೋ ಒಳಹೊಕ್ಕು ಒಂದು ನಂಬರ್ ತೆಗೆದು, ಅಕ್ಕನ ಡಬ್ಬಿಯದನ್ನು ಒಂದೊಂದೇ ಅಂಕಿ ಓದಿದರು. ನನ್ನದನ್ನು ಓದಿದರು. ತಂಗಿಯದಕ್ಕೆ ಬರುವಷ್ಟರಲ್ಲಿ ನನಗೇ ಬಾಯಿಪಾಠವಾಗಿತ್ತು.

"ಮೂರಕ್ಕೂ ಒಂದ ನಂಬರ್," ಎಂದೆ.

"ನಾನ ಹಾಕಿದ್ನೆಲ್ರಿ. ಇಷ್ಟು ದಿನ ಏನೂ ಆಗಿಲ್ಲ. ಮೊನ್ನಿ ಏನ್ ಮಾಡಿದ್ರಿ ನೀವು?"

ತಂಗಿಯ ಕೈ ಕವರಿನ ಮೇಲೆ ನಿಂತಿತು. ಲಾರಿಯವನ ಹೆಂಡತಿ ಅವಳು. ನಮಗಿಬ್ಬರಿಗೆ ಹೊಳೆಯದ್ದು ಅವಳಿಗೆ ಹೊಳೆಯಿತು.

"ಒಟ್ಟಿಗೆ ಹೋದ್ವಿ," ಎಂದಳು. "ನಮ್ಮವರು ಡ್ರೈವರ್‌ಗಳಿಗೆ ದಿನಾ ಹೇಳ್ತಾರ, ಒಂದ ಪರ್ಮಿಟ್ಟಿನ ಗಾಡಿ ಹಿಂದಮುಂದ ಹೋಗ್ರಿ, ಚೆಕ್‌ಪೋಸ್ಟಿಗೆ ಒಟ್ಟಿಗೆ ಹೋಗಿ ನಿಲ್ಲಬ್ಯಾಡ್ರಿ ಅಂತ. ನಾವು ಮೂರು ಗಾಡಿನೂ ಸಾಲಾಗಿ ನಿಲ್ಲಿಸಿದ್ವಿ."

"ಕರೆಕ್ಟ್ ಅಕ್ಕಾರ," ಎಂದರು ಭಾಯಿ. "ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು ಹೋದಾಗ ಕಂಪ್ನಿಯವರು ಒಬ್ಬಾಕಿನ ಅಂದ್ಕೊಂಡು ಬಿಟ್ಟಾರ. ಇಡೀ ದಿನ ಆಡ್ತಾಳ, ಮನಿಯಾಗ ಕೆಲಸ ಇಲ್ಲ ಅಂತ ತಿಳಿದಿರಬೇಕು. ಮೊನ್ನಿ ಅದ ಹೆಣ್ಣುಮಗಳು ಒಂದ ಹೊತ್ತಿಗೆ ಮೂರು ಊರಿನಾಗ ಕಂಡ್ಲು. ಬಿಡ್ತಾರೇನು? ಕಂಪ್ಲೇಂಟ್ ಯಾರೂ ಕೊಟ್ಟಿಲ್ರಿ."

ಅಕ್ಕ ತನ್ನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ನಂಬರು, ಕಂಪ್ನಿ ಯಾವುದರ ಮೇಲೂ ಅವಳ ಗಮನವಿರಲಿಲ್ಲ.

"ಅಂದ್ರ ಆಕಿ ಬಂದಿದ್ಲೇನು?" ಎಂದು ಭಾಯಿಯನ್ನು ಕೇಳಿದಳು. "ಐದಕ್ಕ?"

"ಬರದಿದ್ರ ಬ್ಯಾನ್ ಆಗತಿದ್ದಿಲ್ರಿ."

ತಂಗಿ ಒಂದು ಕವರನ್ನು ಕೊಕ್ಕೆಯಿಂದ ತೆಗೆದು ಮತ್ತೆ ಅದೇ ಕೊಕ್ಕೆಗೆ ಹಾಕಿದಳು. "ಐದಕ್ಕಿಂತ ಮೊದ್ಲ ಬಂದು ಬಾಗಲದಾಗ ನಿಂತಿದ್ದೆ," ಎಂದಳು, ಈ ಸಲ ಗೋಡೆಗಲ್ಲ.

"ಒಬ್ಬಾಕಿನ ಅಂದ್ಕೊಂಡ್ರಂತ ನಮ್ಮನ್ನ," ಎಂದಳು ಅಕ್ಕ. "ಹಂಗಿದ್ರ ಆ ಒಬ್ಬಾಕಿಗೆ ಬುದ್ಧಿ ಕಡಿಮಿ."

"ಒರಿಜಿನಲ್ ನಿಂದ ಅಲ್ಲೇನು. ನಮಗೆಲ್ಲಿಂದ ಬರಬೇಕು ಬುದ್ಧಿ."

ಭಾಯಿ ಸ್ಕ್ರೂಡ್ರೈವರಿನಿಂದ ಮೂಗು ಕೆರೆದುಕೊಂಡು ನಗು ಮುಚ್ಚಿಕೊಂಡರು. ಬೇರೆ ಮಷೀನಿನ ನಂಬರ್ ತರಿಸಿ ಹಾಕಲೇ ಎಂದು ಕೇಳಿದರು. "ಬ್ಯಾಡ್ರಿ," ಎಂದಳು ಅಕ್ಕ, "ಇನ್ನ ಯಾರ ಮನಿ ತೋಟಕ್ಕ ಕಲ್ಲು ಹಾಕೂದು." ಹಾಗಾದರೆ ಇನ್ನೊಂದು ದಾರಿ ಇದೆ, ಎಂದರು ಭಾಯಿ. ಇಂಟರ್‌ನೆಟ್ ಇಲ್ಲದಿದ್ದರೂ ಡಬ್ಬಿಗಳು ಒಂದೇ ಕೋಣೆಯಲ್ಲಿದ್ದರೆ ಒಂದನ್ನೊಂದು ಹಿಡಿಯುತ್ತವೆ. ಅದಕ್ಕೆ ಕಂಪ್ನಿಯವರ ಬಾಗಿಲು ಬೇಕಿಲ್ಲ, ಬ್ಯಾನೂ ತಾಕುವುದಿಲ್ಲ. "ಆದ್ರ ಒಂದ ಕೋಣಿ ಬೇಕ್ರಿ. ಒಬ್ಬರು ಸಿರುಗುಪ್ಪದಾಗ, ಒಬ್ಬರು ಕುರುಗೋಡಿನ್ಯಾಗ ಕುಂತ್ರ ನಡೆಯಂಗಿಲ್ಲ."

ಅಂಗಡಿಯಿಂದ ಹೊರಬಿದ್ದು, ಮೂಲೆಯ ಬಂಡಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದೆವು. ಸೀರೆಯ ವಿಷಯ ಬಂದದ್ದು ಅಲ್ಲಿ, ಮಿರ್ಚಿಯ ಖಾರಕ್ಕೆ ಮೂವರ ಕಣ್ಣಲ್ಲೂ ನೀರಿದ್ದಾಗ.

"ಆ ಬಣ್ಣ ನನಗ ಒಪ್ಪಾಂಗಿಲ್ಲ," ಎಂದಳು ಅಕ್ಕ. "ಉಟ್ಕೊಂಡು ಕನ್ನಡಿ ನೋಡಿದೆ, ಸೋರೆಕಾಯಿ ಕಂಡಂಗ ಕಂಡೆ."

"ಅಷ್ಟ ಹೇಳಿದ್ರ ಅಂಗಡಿಗೆ ಹೋಗಿ ಬದಲಿ ಮಾಡಿಸ್ತಿದ್ದೆ."

"ಅಷ್ಟು ಮಂದ್ಯಾಗ ಹೆಂಗ ಹೇಳೂದು, ನೀ ತಂದಿದ್ದು."

ತಂಗಿ ಮಂಡಕ್ಕಿ ಜಗಿದು ಮುಗಿಸಿದಳು. "ಆ ದೇಶನೂರಿನಾಕಿಗೆ ಚಂದ ಕಾಣತಿತ್ತು ಬಿಡು," ಎಂದಳು. ನಾನು ಇಷ್ಟು ಕಾಲ ಬಾಯಿ ಕಟ್ಟಿ ಇಟ್ಟುಕೊಂಡಿದ್ದ ಮಾತನ್ನು ಅವಳೇ ಆಡಿಬಿಟ್ಟಳು.

ಮುಂದಿನ ಭಾನುವಾರ ಅಕ್ಕ ಸಿರುಗುಪ್ಪದ ಬಸ್ಸಿನಲ್ಲಿ ಬಂದಳು. ಚೀಲದಲ್ಲಿ ಹೊಸ ಅಕ್ಕಿ, ಅದರ ಮೇಲೆ ಗೇಮ್ ಡಬ್ಬಿ, ಅದಕ್ಕೆ ಸುತ್ತಿದ ಚಾರ್ಜರ್. ತಂಗಿ ಕುರುಗೋಡಿನಿಂದ ಬರುವಷ್ಟರಲ್ಲಿ ಐದು ದಾಟಿ ಹೊತ್ತು ಮುಳುಗಿತ್ತು. ನಮ್ಮ ನಡುಮನೆಯಲ್ಲಿ ಜಮಖಾನ ಹಾಸಿ, ಗೋಡೆಗೆ ಒರಗಿ ಕೂತು, ಮೂರೂ ಡಬ್ಬಿ ತೆರೆದೆವು. ಸರಿಯಾಗಿ ಆಗಲೇ ಕರೆಂಟು ಹೋಯಿತು. ಡಬ್ಬಿಗಳಲ್ಲಿ ಚಾರ್ಜ್ ಇತ್ತು, ಅವು ಕತ್ತಲಲ್ಲೂ ಒಂದನ್ನೊಂದು ಹಿಡಿದವು.

ಅಕ್ಕನ ತೋಟದಲ್ಲಿ ವಾರದಿಂದ ಮಳೆಯಿರಲಿಲ್ಲ. ಅಕ್ಕನೂ ನೀರು ಹಾಕಿರಲಿಲ್ಲ, ಟೊಮೇಟೊ ಕತ್ತು ಬಾಗಿಸಿ ನಿಂತಿದ್ದವು. ಬಾಗಿಲಿನಿಂದ ತಂಗಿಯ ಗಿಡ್ಡ ಮನುಷ್ಯ ಒಳಬಂದ, ಕೈಯಲ್ಲಿ ನೀರಿನ ಡಬ್ಬಿ. ಅಕ್ಕ ಅವಳ ಭುಜಕ್ಕೆ ಭುಜ ತಾಗಿಸಿ, ತನ್ನ ಪರದೆ ಬಿಟ್ಟು ಅವಳ ಪರದೆಯಲ್ಲಿ ಬಗ್ಗಿ ನೋಡಿದಳು.

"ಆ ಮೂಲಿಗೆ ಹಾಕಿಲ್ಲ ನೋಡಲೇ."

"ಹಾಕಾಕತ್ತೀನಿ. ಕೈ ಎರಡ ಅದಾವ ನನಗ."

"ಬದನಿಗೆ ಅಷ್ಟು ಸುರಿಬ್ಯಾಡ, ಕೊಳೀತಾವ."

"ಇಷ್ಟು ದಿನ ದಿನಾ ಮುಂಜಾನಿ ಯಾರು ಹಾಕತಿದ್ರು, ಕೊಳೆತಾವೇನು?"

ನಾನು ನನ್ನ ಡಬ್ಬಿ ಮಡಚಿಟ್ಟು, ಮೇಣದಬತ್ತಿ ಹಚ್ಚಿಕೊಂಡು, ಚಹಾಕ್ಕೆ ಇಡಲು ಒಳಗೆ ಹೋದೆ. ನೀರು ಕುದಿಯುವ ತನಕವೂ ಬದನೆಗಿಡದ ಜಗಳ ನಡೆದೇ ಇತ್ತು. ಅದನ್ನು ಯಾರ ಊರಿಗೂ ನಾನು ಮುಟ್ಟಿಸಬೇಕಾಗಿರಲಿಲ್ಲ.